ಮೀಟರ್ ರೀಡಿಂಗಿನ ಪುಸ್ತಕ

ಪುಣೆಯಲ್ಲಿ ಬೈಕಿಲ್ಲದವನಿಗೆ ಕಾಲೇ ಇಲ್ಲ ಅಂತ ಲೆಕ್ಕ. ಧಾರವಾಡದಿಂದ ಬಂದ ಹೊಸತರಲ್ಲಿ, ಹುಡುಗಿಯರು ಕಣ್ಣಷ್ಟೇ ಬಿಟ್ಟು ಮುಖಕ್ಕೆಲ್ಲ ಓಢಣಿ ಸುತ್ತಿಕೊಂಡು ಸ್ಕೂಟರ್ ಮೇಲೆ ಸಾಗುವುದನ್ನು ಬೆರಗಿನಿಂದ ನೋಡುತ್ತಿದ್ದೆ. ನಾನೂ ಒಂದು ಸೆಕೆಂಡ್ ಹ್ಯಾಂಡ್ ಬೈಕು ಕೊಂಡೆ. ಆ ಬೈಕಿನ ದಾರಿಯಲ್ಲಿ ನನ್ನ ಪಾಲೆಷ್ಟು, ಕಂಪನಿಯ ಪಾಲೆಷ್ಟು ಅಂತ ಸರಕಾರವೂ ಕೇಳುತ್ತದೆ ಎನ್ನುವುದು ಆಮೇಲೆ ತಿಳಿಯಿತು.

2010ರ ಮಾತು. ಪಂಪ್ ರಿಪೇರಿಯ ಕೆಲಸ ನನ್ನದು. ಮನೆ ಕೋಥರೂಡಿನಲ್ಲಿ, ಆಫೀಸು ಭೋಸರಿಯಲ್ಲಿ, ಗಿರಾಕಿಗಳು ಚಾಕಣ, ತಳೇಗಾಂವ, ರಾಂಜಣಗಾಂವದ ಕಾರ್ಖಾನೆಗಳಲ್ಲಿ. ಓಡಾಟಕ್ಕೆಂದು ಕಂಪನಿ ತಿಂಗಳಿಗೆ 3,000 ರೂಪಾಯಿ ಕೊಡುತ್ತಿತ್ತು. ಖರ್ಚಿನ ವಿವರ ಯಾರೂ ಕೇಳುತ್ತಿರಲಿಲ್ಲ. ಸುಖವೇ ಅನ್ನಿ. ಆದರೆ ಲೆಕ್ಕವಿಲ್ಲದೆ ಕೊಟ್ಟ ದುಡ್ಡು ತೆರಿಗೆಯವರ ಕಣ್ಣಿಗೆ ಸಂಬಳವೇ. ಶೇ 10ರ ದರದಲ್ಲಿ ತಿಂಗಳಿಗೆ 300 ರೂಪಾಯಿ ಹೋಗುತ್ತಿತ್ತು. ಕಂಪನಿ ಕೆಲಸಕ್ಕೆ ಸುಟ್ಟ ಪೆಟ್ರೋಲಿಗೂ ತೆರಿಗೆ! ಊರಲ್ಲಿ ಅಪ್ಪನ ಬಿಪಿ ಗುಳಿಗೆಗೆ ಹೆಚ್ಚುಕಡಿಮೆ ಅಷ್ಟೇ ಬೇಕಾಗುತ್ತಿತ್ತು.

ಅಕೌಂಟ್ಸಿನಲ್ಲಿ ಒಬ್ಬ ಹಿರಿಯರಿದ್ದರು. ಎಲ್ಲರೂ ಅವರಿಗೆ ಕಾಕಾ ಅನ್ನುತ್ತಿದ್ದರು. ಅವರು ಬಿಡಿಸಿ ಹೇಳಿದರು: ಮನೆಯಿಂದ ಆಫೀಸಿಗೆ ಬರುವುದು ನಿನ್ನ ದಾರಿ. ಅದಕ್ಕೆಂದು ಕೊಡುವ ಸಾರಿಗೆ ಭತ್ಯೆಯಲ್ಲಿ ತಿಂಗಳಿಗೆ 800 ರೂಪಾಯಿಗೆ ಮಾತ್ರ ವಿನಾಯಿತಿ. ಆಫೀಸಿನಿಂದ ಗಿರಾಕಿಯ ಹತ್ತಿರ ಹೋಗುವುದು ನಮ್ಮ ದಾರಿ. ಅದಕ್ಕೆ ನಿಜವಾಗಿ ಖರ್ಚಾದಷ್ಟೂ ತೆರಿಗೆಯಿಂದ ಹೊರಗೆ. ಆದರೆ ತಾರೀಖು, ಹೋದ ಜಾಗ, ಕಿಲೋಮೀಟರು, ಖರ್ಚು ಇಷ್ಟನ್ನೂ ಬರೆದಿಡಬೇಕು. ಕೆಲಸದ್ದೇ ಓಡಾಟ ಎಂದು ಕಂಪನಿಯೂ ಸರ್ಟಿಫಿಕೇಟ್ ಕೊಡಬೇಕು. ಇನ್ನೊಂದು ಮಾತು: ಸಂಬಳದ ನೌಕರ ತನ್ನ ಜೇಬಿನಿಂದ ಪೆಟ್ರೋಲ್ ಹಾಕಿಸಿ, ಅದನ್ನು ತಾನೇ ಆದಾಯದಲ್ಲಿ ಕಳೆದುಕೊಳ್ಳುವಂತಿಲ್ಲ. ಅಂಗಡಿಯವನಿಗೆ, ಏಜೆಂಟನಿಗೆ ವ್ಯಾಪಾರದ ಪಾಲಿನ ಗಾಡಿ ಖರ್ಚನ್ನು ಕಳೆಯುವ ಅವಕಾಶ ಉಂಟು. ನಮಗೆ ಕಂಪನಿ ಕೊಟ್ಟರಷ್ಟೇ ಉಂಟು.

ಅವತ್ತೇ ಒಂದು ನೋಟ್‌ಬುಕ್ಕು ತಂದು ಗೆರೆ ಎಳೆದೆ.

ಆ ವರ್ಷ ಅಪ್ಪ ಪುಣೆಗೆ ಬಂದರು. ಜೀವಮಾನವೆಲ್ಲ ಬಸ್ ಕಂಡಕ್ಟರ್ ಆಗಿದ್ದವರು. ಟೇಬಲ್ ಮೇಲಿದ್ದ ಪುಸ್ತಕವನ್ನು ಕನ್ನಡಕ ಏರಿಸಿ ಓದಿದರು. "ಇದು ನಮ್ಮ ವೇ ಬಿಲ್ ಇದ್ದಂಗ ಐತಲ್ಲೋ" ಅಂದರು. ಆಮೇಲೆ, "ತಮ್ಮಾ, ಗಾಡಿ ನಿಂತ ಕೂಡ್ಲೆ ಬರದುಬಿಡು. ಮರುದಿನ ಬರದ್ರ ಅದು ಲೆಕ್ಕ ಅಲ್ಲ, ಕತಿ ಆಗತೈತಿ" ಅಂದರು. ಮಾರ್ಚಿನಲ್ಲಿ ಕೂತು ಇಡೀ ವರ್ಷದ ಕಿಲೋಮೀಟರು ಹುಟ್ಟಿಸುವ ನಮ್ಮಂಥವರ ಪದ್ಧತಿಗೆ ಇದಕ್ಕಿಂತ ಒಳ್ಳೆಯ ಉತ್ತರವನ್ನು ಯಾವ ಆಡಿಟರ್ ಬಾಯಲ್ಲೂ ನಾನು ಕೇಳಿಲ್ಲ. ಪುಟ ತಿರುವುತ್ತ ಅವರು ಇನ್ನೊಂದು ಕೇಳಿದರು: "ಇದರಾಗ ಧಾರವಾಡ ಎಲ್ಲೂ ಬಂದಿಲ್ಲಲಾ?" ನಾನು ನಕ್ಕು ಸುಮ್ಮನಾದೆ. ಅವರು ನಗಲಿಲ್ಲ.

ಆಮೇಲೆ ನಿಯಮಗಳು ಬಹಳ ಬದಲಾದವು. ಆ 800 ರೂಪಾಯಿ 2015ರಲ್ಲಿ 1,600 ಆಯಿತು. 2018ರ ಬಜೆಟ್ಟಿನಲ್ಲಿ ಬಹುತೇಕ ನೌಕರರಿಗೆ ಅದನ್ನು ತೆಗೆದು, ಎಲ್ಲರಿಗೂ 40,000 ರೂಪಾಯಿಯ ಸ್ಟ್ಯಾಂಡರ್ಡ್ ಡಿಡಕ್ಷನ್ ಕೊಟ್ಟರು. ಮರುವರ್ಷ ಅದು 50,000ಕ್ಕೆ ಏರಿತು. ಕೆಲಸದ ಮೇಲಿನ ಓಡಾಟದ ವಿನಾಯಿತಿಯನ್ನು ಮಾತ್ರ 2020ರ ಹೊಸ ಪದ್ಧತಿಯಲ್ಲೂ ಕೈಬಿಡಲಿಲ್ಲ. ಅಮೆರಿಕದಲ್ಲಿ ಸರಕಾರವೇ ಮೈಲಿಗೆ ಇಷ್ಟು ಅಂತ ದರ ಗೊತ್ತು ಮಾಡುತ್ತದೆ, 2025ಕ್ಕೆ 70 ಸೆಂಟು. ನಮ್ಮಲ್ಲಿ ಅಂಥ ಸಿದ್ಧ ದರವಿಲ್ಲ, ಖರ್ಚಾದದ್ದನ್ನು ತೋರಿಸಲೇಬೇಕು. ಹಾಗಾಗಿ ಪುಸ್ತಕಕ್ಕೆ ಬೆಲೆ.

ಅಪ್ಪ ಈಗಿಲ್ಲ. ಅವರು ಕೇಳಿದ ಮೇಲೆ ಪುಸ್ತಕದ ಕೊನೆಯ ಪುಟಗಳಲ್ಲಿ ಊರಿಗೆ ಹೋಗಿಬಂದದ್ದನ್ನೂ ಬರೆಯತೊಡಗಿದ್ದೆ. ಸುಮಾರು 400 ಕಿಲೋಮೀಟರು, ಒಂದು ದಿಕ್ಕಿಗೆ. ಕ್ಲೇಮ್ ಮಾಡುವ ದಾರಿಯಲ್ಲ ಅದು. ಮೊದಲ ವರ್ಷ ಎರಡು ಸಾಲು, ಮುಂದಿನ ವರ್ಷ ಐದು. ಊರ ಕಡೆಯಿಂದ ಕೆಲಸಕ್ಕೆ ಬರುವ ಹುಡುಗರಿಗೆ ಇವತ್ತಿಗೂ ಎರಡನ್ನೂ ಹೇಳುತ್ತೇನೆ: ಚಾಕಣದ ಸಾಲನ್ನು ಅವತ್ತಿಂದವತ್ತೇ ಬರೆಯಿರಿ, ಹಿಂದಿನ ಪುಟವನ್ನು ಬಹಳ ದಿನ ಖಾಲಿ ಬಿಡಬೇಡಿ.