ಬೇಮಳಖೇಡದ ಹಿತ್ತಿಲು

ಹುಮನಾಬಾದದಿಂದ ಚಿಟಗುಪ್ಪ ಮಾರ್ಗವಾಗಿ ನಾವು ಬೇಮಳಖೇಡವನ್ನು ತಲುಪಿದಾಗ ಆಗತಾನೇ ಬೆಳಗಾಗುತ್ತಿತ್ತು. ಹಿಂದೆ ಹುಮನಾಬಾದ ತಾಲೂಕಿನಲ್ಲಿದ್ದ ಈ ಊರು ಈಗ ಚಿಟಗುಪ್ಪ ತಾಲೂಕಿಗೆ ಸೇರಿದೆ. ದಾರಿಯ ಇಕ್ಕೆಲಗಳಲ್ಲಿ ತೊಗರಿ ಆಳೆತ್ತರ ಬೆಳೆದು ನಿಂತಿತ್ತು. ಮನೆಯಲ್ಲಿ ಶೌಚಗೃಹವಿಲ್ಲದ ಹೆಣ್ಣುಮಕ್ಕಳಿಗೆ ಈ ಬೆಳೆಯೇ ಮರೆ. ರಾಶಿಯಾದ ಮೇಲೆ ಕತ್ತಲೆಯೊಂದೇ ಮರೆ.

ನಾವು ಅತಿಥಿಗಳಾಗಿ ಹೋದ ಮನೆಯ ಹಿತ್ತಿಲಲ್ಲಿ ಶೌಚಗೃಹವಿತ್ತು. ಅದನ್ನು ಯಾವಾಗ ಕಟ್ಟಿಸಿದಿರೆಂದು ಕೇಳಿದಾಗ ಮನೆಯ ಹಿರಿಯ ತಾಯಿ ನಕ್ಕರು: “ಮೊದಲ ಟಿ.ವಿ. ಬಂತು, ಆಮ್ಯಾಲ ಮೋಟರ್ ಸೈಕಲ್ ಬಂತು, ಕಡೀಕ ಇದು ಬಂತು. ನಮ್ಮ ಮಾತು ಅಡಗಿ ಮನೀ ತನಾ ನಡೀತದ್ರಿ. ರೊಕ್ಕದ ಮಾತು ಕಟ್ಟಿ ಮ್ಯಾಲ ಆಗ್ತದ.” ಆಕೆ ಹತ್ತು ವರ್ಷ ಕೇಳಿದರೂ ಆಗದ ಕೆಲಸ, ಮಗನಿಗೆ ಹೆಣ್ಣು ಕೊಡುವ ಬೀಗರು ಒಮ್ಮೆ ಕೇಳಿದೊಡನೆ ಎರಡು ತಿಂಗಳಲ್ಲಿ ಮುಗಿಯಿತಂತೆ!

ಹಣದ ಅಡಚಣೆ ಸುಳ್ಳಲ್ಲ. 2014ರಲ್ಲಿ ಆರಂಭವಾದ ಸ್ವಚ್ಛ ಭಾರತ ಯೋಜನೆಯಲ್ಲಿ ಅರ್ಹ ಗ್ರಾಮೀಣ ಕುಟುಂಬಕ್ಕೆ 12,000 ರೂಪಾಯಿ ಪ್ರೋತ್ಸಾಹಧನ ನಿಗದಿಯಾಯಿತು. ಆದರೂ ಯಾವ ಖರ್ಚು ಮೊದಲು ಎಂಬುದನ್ನು ಮನೆಯೇ ತೀರ್ಮಾನಿಸಬೇಕು. ಕೊಪ್ಪಳ ಜಿಲ್ಲೆಯ 16 ವರ್ಷದ ಬಾಲಕಿಯೊಬ್ಬಳು ಶೌಚಗೃಹಕ್ಕಾಗಿ ತನ್ನ ಮನೆಯವರೆದುರೇ ಅನ್ನ ಬಿಟ್ಟು ಸತ್ಯಾಗ್ರಹ ಹೂಡಿದ್ದನ್ನು 2016ರ ಆಗಸ್ಟಿನಲ್ಲಿ ಪ್ರಧಾನಿಯವರು ‘ಮನ್ ಕಿ ಬಾತ್’ನಲ್ಲಿ ಸ್ಮರಿಸಿದರು. ಗ್ರಾಮ ಪಂಚಾಯಿತಿಯ ಅಧ್ಯಕ್ಷರು 18,000 ರೂಪಾಯಿ ಹೊಂದಿಸಿ ಒಂದೇ ವಾರದಲ್ಲಿ ಅದನ್ನು ಕಟ್ಟಿಸಿಕೊಟ್ಟರು. ಒಂದು ವಾರದ ಕೆಲಸಕ್ಕೆ ಮಗಳು ಉಪವಾಸ ಕೂಡಬೇಕೆ?

ಕಟ್ಟಿಸಿದ ಮೇಲೂ ಲೆಕ್ಕ ಮುಗಿಯುವುದಿಲ್ಲ. ನೀರು ತರುವವಳು, ತಿಕ್ಕಿ ತೊಳೆಯುವವಳು ಅವಳೇ. ಗುಂಡಿ ಬೇಗ ತುಂಬೀತೆಂದು ಗಂಡಸರು ಹೊಲಕ್ಕೇ ಹೋಗುವ ಮನೆಗಳೂ ಉಂಟು. ಎರಡು ಗುಂಡಿಗಳನ್ನು ತೋಡಿಸಿದರೆ ಈ ಅಂಜಿಕೆಗೆ ಕಾರಣವಿಲ್ಲ: ಒಂದು ತುಂಬಿದಾಗ ಇನ್ನೊಂದಕ್ಕೆ ತಿರುಗಿಸಬೇಕು, ಮುಚ್ಚಿಟ್ಟದ್ದು ಕಾಲಾಂತರದಲ್ಲಿ ಹೊಲಕ್ಕೆ ಗೊಬ್ಬರವಾಗುತ್ತದೆ.

ಮರಳುವಾಗ ಬಸವಕಲ್ಯಾಣಕ್ಕೆ ಹೋದೆವು. 12ನೆಯ ಶತಮಾನದಲ್ಲಿ ಶರಣೆಯರು ಅನುಭವ ಮಂಟಪದಲ್ಲಿ ಸರಿಸಮನಾಗಿ ಕುಳಿತು ಮಾತನಾಡಿದ ನೆಲವಿದು. ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುವ ನಾವು, ನಮ್ಮ ಮನೆಯ ರೊಕ್ಕದ ಮಾತು ಬಂದಾಗ ತಾಯಿಯನ್ನೂ ಸೊಸೆಯನ್ನೂ ಪಕ್ಕದಲ್ಲಿ ಕೂಡಿಸಿಕೊಳ್ಳುತ್ತೇವೆಯೇ? ಬೀಗರು ಬಂದು ಕೇಳುವ ತನಕ ಕಾಯುವುದು ಬೇಡ.