ಮೆಕ್ಸಿಕೋ ನಗರದಲ್ಲೊಂದು ಆತಿಥ್ಯ

ಸಮುದ್ರಮಟ್ಟದಿಂದ ಸುಮಾರು 2,240 ಮೀಟರು ಎತ್ತರದಲ್ಲಿರುವ ಮೆಕ್ಸಿಕೋ ನಗರದಲ್ಲಿ ನಾವು ಕೊಯೊವಕಾನ್ ಎಂಬ ಹಳೆಯ ಬಡಾವಣೆಯ ಗೃಹಸ್ಥರೊಬ್ಬರ ಅತಿಥಿಗಳಾಗಿದ್ದೆವು. ಮಧ್ಯಾಹ್ನ ಮನೆಯ ಹಿರಿಯಾಕೆ 'ಮಿಚೆಲಾಡ'ವನ್ನು ಸಿದ್ಧಪಡಿಸತೊಡಗಿದರು. ಗಾಜಿನ ಲೋಟದ ಅಂಚಿಗೆ ನಿಂಬೆಯ ಹೋಳನ್ನು ಸವರಿ, ಉಪ್ಪು ಬೆರೆತ ಮೆಣಸಿನಕಾಯಿ ಪುಡಿಯಲ್ಲಿ ಅದ್ದಿ, ಒಳಗೆ ಮಂಜುಗಡ್ಡೆ, ನಿಂಬೆರಸ, ಖಾರದ ಸಾಸುಗಳನ್ನು ಹಾಕಿ, ಮೇಲೆ ತಣ್ಣನೆಯ ಬೀರನ್ನು ಮೆಲ್ಲನೆ ಸುರಿಯುವುದೇ ಇದರ ಕ್ರಮ.

ನಮಗೋ ಧರ್ಮಸಂಕಟ! ಮದ್ಯವನ್ನು ಮುಟ್ಟೆವೆಂದು ಹೊರಡುವಾಗ ತಾಯಿಯವರಿಗೆ ಕೊಟ್ಟ ಮಾತೊಂದು ಕಡೆ. ಪ್ರೀತಿಯಿಂದ ನೀಡಿದುದನ್ನು ನಿರಾಕರಿಸುವ ಅವಿನಯವೊಂದು ಕಡೆ. ಕಡೆಗೆ ಸಂಕೋಚದಿಂದಲೇ ನಿಜವನ್ನು ನುಡಿದೆವು. ಆಕೆ ಬೇಸರಿಸಲಿಲ್ಲ. ಬೀರಿನ ಸೀಸೆಯನ್ನು ಬದಿಗಿಟ್ಟು, ಅದೇ ಲೋಟಕ್ಕೆ ಸೋಡಾನೀರನ್ನು ಸುರಿದರು. ನಿಂಬೆ, ಉಪ್ಪು, ಸೋಡಾಗಳ ಪಾನಕಕ್ಕೆ ಅಲ್ಲಿ 'ಸುವೆರೋ' ಎಂದು ಹೆಸರು.

ಮೊದಲ ಗುಟುಕಿಗೇ ಕಣ್ಣಲ್ಲಿ ನೀರಾಡಿತು, ಬ್ಯಾಡಗಿಯ ನೆನಪಾಯಿತು. ನಮ್ಮ ಮೆಣಸಿನಕಾಯಿಯು 16ನೆಯ ಶತಮಾನದಲ್ಲಿ ಪೋರ್ತುಗೀಜರ ಮೂಲಕ ಅಮೆರಿಕಾ ಖಂಡದಿಂದ ಬಂದುದೆಂದು ನಾವು ಹೇಳಲು, "ಹಾಗಾದರೆ ನಾವು ನೆಂಟರೇ ಆದೆವು!" ಎಂದು ಆಕೆ ನಕ್ಕರು.

ಬೀಳ್ಕೊಡುವಾಗ ಒಣಮೆಣಸಿನಕಾಯಿಯ ಪೊಟ್ಟಣವೊಂದನ್ನು ನಮ್ಮ ಕೈಯಲ್ಲಿಟ್ಟು, "ಇದು ನಿಮ್ಮ ತಾಯಿಯವರಿಗೆ" ಎಂದರು.