ಕೆಂಪು ರಾಶಿಗಳ ಊರಿನಲ್ಲಿ

ಬ್ಯಾಡಗಿಯಲ್ಲಿ ರೈಲಿನಿಂದ ಇಳಿದವನಿಗೆ ಊರಿನ ಹೆಸರು ತಿಳಿಯಲು ಫಲಕವನ್ನು ನೋಡಬೇಕಾಗಿಲ್ಲ. ಫೆಬ್ರವರಿಯ ಒಂದು ಮುಂಜಾವಿನಲ್ಲಿ ನಾನು ಅಲ್ಲಿ ಇಳಿದಾಗ ಮೊದಲು ಎದುರುಗೊಂಡದ್ದು ಗಾಳಿಯಲ್ಲಿ ಬೆರೆತ ಘಾಟು. ಅದರ ಹಿಂದೆಯೇ ಬಂದವು ನನ್ನ ನಾಲ್ಕಾರು ಸೀನುಗಳು. “ಹೊಸಬರು ಕಾಣ್ತೀರಿ” ಎಂದು ಆಟೋ ಚಾಲಕನು ನಕ್ಕನು. ಊರಿನವರಿಗೆ ಈ ಸೀನು ಬರುವುದಿಲ್ಲವಂತೆ!

ಹಾವೇರಿ ಜಿಲ್ಲೆಯ ಈ ಊರು ದೊಡ್ಡ ನಗರವೇನೂ ಅಲ್ಲ. ಆದರೆ ಒಣಮೆಣಸಿನಕಾಯಿಯ ವ್ಯಾಪಾರಿಗಳಲ್ಲಿ ಈ ಹೆಸರನ್ನು ಕೇಳದವರಿಲ್ಲ. ಇಲ್ಲಿ ಎರಡು ಬಗೆಯ ಕಾಯಿಗಳಿಗೆ ಮಾನ್ಯತೆ: ಗಿಡ್ಡಗೆ, ದುಂಡಗೆ, ಬೀಜ ತುಂಬಿಕೊಂಡಿರುವುದು ಡಬ್ಬಿ, ನೀಳವಾಗಿ, ಮೈಯೆಲ್ಲ ಸುಕ್ಕುಗಟ್ಟಿರುವುದು ಕಡ್ಡಿ. ಖಾರ ಕಡಿಮೆ, ಬಣ್ಣ ಹೆಚ್ಚು. ಅಡುಗೆಮನೆಯ ಸಾರಿಗೆ ಕೆಂಪು ಕೊಡುವ ಈ ಕಾಯಿಯಿಂದ ತೆಗೆದ ಬಣ್ಣದ ಸತ್ವವು ತುಟಿಗೆ ಹಚ್ಚುವ ರಂಗಿನವರೆಗೂ ಪಯಣಿಸುತ್ತದೆ. 2011ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆಯಿತು.

ಮಾರುಕಟ್ಟೆಯ ಪ್ರಾಂಗಣವನ್ನು ಹೊಕ್ಕಾಗ ಕಣ್ಣು ಕೋರೈಸಿತು. ದಲಾಲಿ ಅಂಗಡಿಗಳ ಮುಂದೆ ಚೀಲಗಳ ಸಾಲು. ಬಾಯಿ ಬಿಚ್ಚಿದ ಚೀಲಗಳಲ್ಲಿ ಕೆಂಪು, ಕಡುಗೆಂಪು, ಕಪ್ಪಿಗೆ ತಿರುಗಿದ ಕೆಂಪು. ಗದಗ, ಧಾರವಾಡ, ಬಳ್ಳಾರಿ, ರಾಯಚೂರುಗಳಿಂದಷ್ಟೇ ಅಲ್ಲ, ನೆರೆಯ ಆಂಧ್ರದಿಂದಲೂ ಬಂದ ಸರಕು ಇದು. ಖರೀದಿದಾರರು ಚೀಲದಿಂದ ಚೀಲಕ್ಕೆ ನಡೆಯುತ್ತಿದ್ದರು. ಒಂದು ಹಿಡಿ ಕಾಯನ್ನು ಮುಷ್ಟಿಯಲ್ಲಿ ಹಿಸುಕಿ, ಕಿವಿಯ ಬಳಿ ಅಲುಗಾಡಿಸಿ, ಮೂಸಿ, ಮನಸ್ಸಿನಲ್ಲೇ ದರ ಕಟ್ಟುತ್ತಿದ್ದರು. ಹಿಂದೆ ಆ ದರವನ್ನು ಚೀಟಿಯಲ್ಲಿ ಬರೆದು ಪೆಟ್ಟಿಗೆಗೆ ಹಾಕುತ್ತಿದ್ದರು. ಈಗ ಅದು ಗಣಕಯಂತ್ರವನ್ನು ಸೇರುತ್ತದೆ. ಮುಷ್ಟಿಯ ಪರೀಕ್ಷೆ ಮಾತ್ರ ಬದಲಾಗಿಲ್ಲ.

ನನಗೆ ಆತಿಥ್ಯ ನೀಡಿದ ಸಾಹುಕಾರರು ಮೂವತ್ತು ವರ್ಷಗಳಿಂದ ಸಗಟು ವ್ಯಾಪಾರದಲ್ಲಿರುವವರು. ಚಹಾ ತರಿಸಿ, ಗಾದಿಯ ಮೇಲೆ ಕೂರಿಸಿಕೊಂಡು, “ಅಗ್ಗ ಇದ್ದಾಗ ಕೊಂಡು, ತುಟ್ಟಿ ಆದಾಗ ಮಾರೋದು. ಇಷ್ಟ ಅಲ್ಲೇನ್ರಿ ವ್ಯಾಪಾರ ಅಂತೀರಿ ನೀವು?” ಎಂದು ಕೇಳಿದರು. ನಾನು ಹೌದೆಂದೆ. ಅವರು ನಕ್ಕು, ಹಳೆಯ ಲಕೋಟೆಯೊಂದರ ಬೆನ್ನ ಮೇಲೆ ಲೆಕ್ಕ ಬರೆಯತೊಡಗಿದರು.

ಒಂದು ಕ್ವಿಂಟಲಿಗೆ 20,000 ರೂಪಾಯಿ ಕೊಟ್ಟು ಕೊಂಡೆವೆನ್ನಿ. ತಿಂಗಳಿಗೆ ನೂರಕ್ಕೆ ಒಂದರಂತೆ ಆರು ತಿಂಗಳ ಬಡ್ಡಿ 1,200. ಶೈತ್ಯಾಗಾರದ ಬಾಡಿಗೆ, ಹಮಾಲಿ, ಚೀಲಗಳಿಗೆ 300 ಎಂದಿಟ್ಟುಕೊಳ್ಳಿ. ಅಲ್ಲಿಗೆ ಬಿದ್ದ ಹಣ 21,500. ಆದರೆ ಹೊರಬರುವಾಗ ಕ್ವಿಂಟಲು ಕ್ವಿಂಟಲಾಗಿ ಉಳಿದಿಲ್ಲ. ತೇವ ಆರಿ, ಬೀಜ ಉದುರಿ ಎರಡು ಕಿಲೋ ಕರಗಿದೆ. ಉಳಿದ 98 ಕಿಲೋವನ್ನು ಕ್ವಿಂಟಲಿಗೆ 21,000ದಂತೆ ಮಾರಿದರೆ ಕೈಗೆ ಬರುವುದು 20,580.

“ದರ ಸಾವಿರ ರೂಪಾಯಿ ಏರಿತಂತ ಊರೆಲ್ಲಾ ಮಾತಾಡ್ತದ. ನನ್ನ ಗಂಟಿನಾಗ 920 ಹೋಗಿರ್ತದ” ಎಂದು ಅವರು ಲೇಖನಿಯನ್ನು ಕೆಳಗಿಟ್ಟರು. ದರ 21,940ರ ಸಮೀಪಕ್ಕೆ ಬಂದಾಗಲೇ ಅಸಲು ಹುಟ್ಟುವುದು. ಲಾಭವೆಂಬುದು ಅದರಾಚೆಯ ಮಾತು. ಇದರ ಮೇಲೆ ಉದ್ರಿಯ ಕಾಟ. ರೈತನಿಗೆ ಕೂಡಲೇ ಹಣ ಎಣಿಸಬೇಕು. ಪುಡಿ ಮಾಡುವ ಗಿರಣಿಯವನು ಕೊಡುವುದು ತಿಂಗಳಾದ ಮೇಲೆ. ಆದ್ದರಿಂದ ಕೊಂಡದ್ದರಲ್ಲಿ ಒಂದು ಪಾಲನ್ನು ಅದೇ ವಾರ ಸಣ್ಣ ಲಾಭಕ್ಕೆ ಬಿಟ್ಟು ಹಣವನ್ನು ತಿರುಗಿಸುವುದು, ಬಣ್ಣವುಳ್ಳ ಉತ್ತಮ ಕಾಯನ್ನು ಮಾತ್ರ ಕೂಡಿಡುವುದು ಅವರ ಪದ್ಧತಿ. “ಮಾಲು ಕೊಳ್ಳೋದು ಎಲ್ಲಾರಿಗೂ ಬರ್ತದ. ಬಿಡೋದನ್ನ ಕಲೀಬೇಕ್ರಿ.”

ಮಧ್ಯಾಹ್ನ ಅವರೊಡನೆ ಶೈತ್ಯಾಗಾರಕ್ಕೆ ಹೋದೆ. ಹೊರಗೆ ಸುಡುಬಿಸಿಲು, ಒಳಗೆ ಮಾಘದ ಚಳಿ. ಮಂದ ಬೆಳಕಿನಲ್ಲಿ ಚೀಲಗಳು ಸೂರಿನವರೆಗೆ ಮಲಗಿದ್ದವು. ಬೆಳಕು, ಬಿಸಿಗಳಿಗೆ ಸಿಕ್ಕಿದ ಕಾಯಿ ಬಣ್ಣಗೆಡುತ್ತದೆ, ಬಣ್ಣಗೆಟ್ಟರೆ ಬೆಲೆಗೆಟ್ಟಂತೆ. ತೇವ ಹೆಚ್ಚಿದರೆ ಬೂಷ್ಟು, ತೀರ ಒಣಗಿದರೆ ಪುಡಿ. ಪ್ರತಿಯೊಂದು ಅಟ್ಟಿಗೂ ಬಂದ ದಿನದ ಚೀಟಿ. ಮೊದಲು ಬಂದದ್ದು ಮೊದಲು ಹೊರಡಬೇಕು. ಹೊಸ ಫಸಲು ಪೇಟೆಗೆ ಇಳಿಯುವ ಹೊತ್ತಿಗೆ ಇಲ್ಲಿ ಹಳೆಯ ದಾಸ್ತಾನು ಉಳಿದಿದ್ದರೆ ಅದು ಒಡೆಯನ ನಿದ್ದೆಯನ್ನು ಕೆಡಿಸುತ್ತದೆ. ಹೊಸ ಕಾಯಿಯ ದರವನ್ನೂ ಕೆಳಗೆ ಜಗ್ಗುತ್ತದೆ.

ಆ ಜಗ್ಗಾಟದ ಪೆಟ್ಟು ಯಾರಿಗೆ? ಸಂಜೆ ಪ್ರಾಂಗಣಕ್ಕೆ ಮರಳಿದಾಗ ಅದರ ಉತ್ತರ ಸಿಕ್ಕಿತು. ಗದಗದ ಕಡೆಯ ವೃದ್ಧ ರೈತರೊಬ್ಬರು ಬರಿದಾದ ಚೀಲಗಳನ್ನು ಮಡಚುತ್ತಿದ್ದರು. ಎಣಿಸಿದ್ದಕ್ಕಿಂತ ಕಡಿಮೆ ದರ ಬಂದಿತ್ತು. ಶೈತ್ಯಾಗಾರದಲ್ಲಿ ಇಟ್ಟು, ಅದರ ರಸೀದಿಯ ಮೇಲೆ ಸಾಲ ಪಡೆದು ಕಾಯಬಹುದಿತ್ತಲ್ಲವೆ ಎಂದು ನಾನು ಕೇಳಿದೆ. ಸಾಹುಕಾರರ ಲೆಕ್ಕ ಇನ್ನೂ ನನ್ನ ತಲೆಯಲ್ಲಿತ್ತು. ಮುದುಕರು ನನ್ನನ್ನು ಕರುಣೆಯಿಂದ ನೋಡಿದರು. “ತಂಪಿನ್ಯಾಗ ಕಾಯಿ ಕಾಯ್ತದರೀ. ಹಳೇ ಸಾಲ ಕಾಯಂಗಿಲ್ಲ.”

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಇದೇ ಪ್ರಾಂಗಣದಲ್ಲಿ 2024ರ ಮಾರ್ಚ್ 11ರಂದು ದರ ಕುಸಿದಾಗ ರೈತರ ಸಿಟ್ಟು ಭುಗಿಲೆದ್ದಿತು. ಮಾರುಕಟ್ಟೆ ಸಮಿತಿಯ ಕಚೇರಿ ದಾಳಿಗೆ ತುತ್ತಾಯಿತು, ವಾಹನಗಳು ಉರಿದವು. ಬೆಂಕಿ ತಪ್ಪೆಂದು ಹೇಳುವುದು ಸುಲಭ. ಆದರೆ ಇಡೀ ವರ್ಷದ ದುಡಿಮೆಯ ಬೆಲೆ ಒಂದೇ ಮಧ್ಯಾಹ್ನದಲ್ಲಿ ನಿರ್ಧಾರವಾಗುವ, ಬೇಡವೆಂದು ಮರಳಿ ಒಯ್ಯಲು ಲಾರಿಯ ಬಾಡಿಗೆಯೂ ಇಲ್ಲದವನ ಸ್ಥಿತಿ ಎಂತಹುದು? ಸಾಹುಕಾರರ ಲಕೋಟೆಯ ಲೆಕ್ಕದಲ್ಲಿ ಕಾಯುವುದಕ್ಕೆ ಬೆಲೆ ಕಟ್ಟಿತ್ತು. ಕಾಯಲಾರದವನು ತೆರುವ ಬೆಲೆಗೆ ಅಲ್ಲಿ ಕಲಮೇ ಇರಲಿಲ್ಲ.

ರಾತ್ರಿಯ ರೈಲಿಗೆ ನಿಲ್ದಾಣಕ್ಕೆ ಬಂದೆ. ಸಾಹುಕಾರರು ಪ್ರೀತಿಯಿಂದ ಕಟ್ಟಿಸಿಕೊಟ್ಟ ಒಂದು ಕಿಲೋ ಡಬ್ಬಿ ಕಾಯಿ ಚೀಲದಲ್ಲಿತ್ತು. ಮನೆಯಲ್ಲಿ ಅದರ ಬಣ್ಣ ಕಂಡು ಎಲ್ಲರೂ ಹಿಗ್ಗಿದರು. “ಎಷ್ಟು ಕೊಟ್ಟಿರಿ?” ಎಂಬುದು ಮೊದಲ ಪ್ರಶ್ನೆ. ಉಡುಗೊರೆ ಎಂದೆ. ಬೆಳೆದವನಿಗೆ ಎಷ್ಟು ಸಿಕ್ಕಿತೆಂದು ಯಾರೂ ಕೇಳಲಿಲ್ಲ. ಬ್ಯಾಡಗಿಗೆ ಹೋಗುವ ಮುನ್ನ ನಾನೂ ಅದನ್ನು ಕೇಳಿದವನಲ್ಲ.